ಒದ್ದೆ ಮರಳಿನ ತೂಕ

ಮತ್ತೆ ತೊಟ್ಟಿಕ್ಕುತ್ತಿದೆ, ಲಾರಿಯ ಹಿಂಬಾಗಿಲ ಸಂದಿಯಿಂದ, ಟಪ್ ಟಪ್ ಅಂತ, ಲಾರಿ ತೂಗುವ ಕಾಟಾದ ಕಬ್ಬಿಣದ ಹಲಗೆಯ ಮೇಲೆ, ಒದ್ದೆ ಮರಳು, ಹೊಳೆಯಿಂದ ನೇರ ತುಂಬಿಕೊಂಡು ಬಂದಿದ್ದಾನೆ, ಇಲ್ಲವೇ ತೂಕ ಹೆಚ್ಚಲಿ ಅಂತ ದಾರಿಯಲ್ಲೆಲ್ಲೋ ನೀರಿನ ಪೈಪು ಹಿಡಿಸಿದ್ದಾನೆ, ಯಾರ ಕಣ್ಣಿಗೆ ಮಣ್ಣೆರಚುತ್ತಾನೆ ಇವನು, ತೂಕದಕ್ಕನ ಕಣ್ಣಿಗೇ? — ಅವಳು ಗಾಜಿನ ಕಿಂಡಿ ಸರಿಸಿ ಕೈ ಬೀಸಿದಳು, ಹಿಂದಕ್ಕೆ ತಗೊಳಪ್ಪ, ನೀರು ಸೋರಲಿ, ಆಮೇಲೆ ತೂಗ್ತೀನಿ, ಗಡ್ಡದ ಡ್ರೈವರು ತಲೆ ಹೊರಗೆ ಹಾಕಿ ಹಲ್ಲು ಕಿರಿದ, ಅಕ್ಕಾ, ನೀರೂ ತೂಕಾನೇ ಅಲ್ವಾ? ತೂಕಾನೇ, ಆದ್ರೆ ಮಾಲಲ್ಲ, ಎಂದು ಯಾವತ್ತೂ ಕೊಡುವ ಉತ್ತರ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಕೊಡುವ ಉತ್ತರ, ಇವತ್ತು ಕೊಡದೆ ಅವಳು ತನ್ನ ಕಾಲು ನೋಡಿಕೊಂಡಳು, ಏಕೆಂದರೆ ಬೆಳಿಗ್ಗೆ ಡಾಕ್ಟರಮ್ಮ ಅವಳ ಮೊಣಕಾಲಿನ ಕೆಳಗೆ, ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ತೆಗೆದಾಗ ಅಲ್ಲೊಂದು ಕುಳಿ ಬಿತ್ತು, ಬಿದ್ದದ್ದು ತುಂಬಲೇ ಇಲ್ಲ, ಹಸಿ ಮಣ್ಣಿನಲ್ಲಿ ಯಾರೋ ಬೆರಳೂರಿ ಹೋದಂತೆ, ಇಬ್ಬರೂ ಅದನ್ನೇ ನೋಡುತ್ತ ಕುಳಿತಿದ್ದರು, ಡಾಕ್ಟರಮ್ಮ ಹೇಳಿದ್ದು ಆಮೇಲೆ, ಇದು ಕೊಬ್ಬಲ್ಲಮ್ಮ, ನೀರು.

ನೀರು. ನೀರಂತೆ. ದಿನವಿಡೀ ಪರರ ಲಾರಿಯ ನೀರು ಹಿಡಿಯುವವಳಿಗೆ ತನ್ನ ಮೈಯ ನೀರು ಗೊತ್ತಾಗಲಿಲ್ಲ, ತಿಂದು ಕೊಬ್ಬಿದೆ ಅಂದುಕೊಂಡಳು, ಅವರೂ ಅದನ್ನೇ ಅಂದರು, ಅವರು ಅಂದರೆ ಗಂಡ, ಕನ್ನಡಿಯ ಮುಂದೆ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಏನೇ ಇದು, ಮುಖ ಮತ್ತೆ ತುಂಬ್ಕೊಳ್ತಿದೆ, ಮೂಳೆ ಎಲ್ಲಿ ಹೋಯ್ತು, ಅಂದರು, ಫೋಟೋ ಸ್ಟುಡಿಯೋದವರಿಗೆ ಮೂಳೆ ಬೇಕು, ಮೂಳೆಯ ಮೇಲೆ ಬೆಳಕು ಚೆನ್ನಾಗಿ ಕೂರುತ್ತದಂತೆ. ಮದುವೆಯಾದಾಗಿನಿಂದ ಊರಿನವರನ್ನೆಲ್ಲ ಕೂರಿಸಿ ಫೋಟೋ ತೆಗೆದ ಮನುಷ್ಯ ಅವಳನ್ನು ಒಂದು ಸಲವೂ ಕೂರಿಸಿರಲಿಲ್ಲ, ನಿಂಗೆ ಫ್ರೇಮ್ ಸಾಲಲ್ಲ ಕಣೇ, ಎಂಬ ಒಂದೇ ಹಾಸ್ಯ, ಅದನ್ನೇ ಬಂದವರ ಮುಂದೆ, ಅತ್ತಿಗೆ ಮುಂದೆ, ಬೀಗರ ಮುಂದೆ, ಅವಳೂ ಎಲ್ಲರ ಜೊತೆ ನಕ್ಕಿದ್ದಾಳೆ, ಎಷ್ಟು ನಕ್ಕಿದ್ದಾಳೆ, ನಕ್ಕು ನಕ್ಕು ಹೊಟ್ಟೆ ಉರಿದಿದೆ. ಆಮೇಲೆ ಸಕ್ಕರೆ ಕಾಯಿಲೆಗೆ ಮಾತ್ರೆ ಸಾಲದಾಯಿತು, ಇನ್ಸುಲಿನ್ ಬಂತು, ಪೆನ್ನಿನಂಥದ್ದು, ಹೊಟ್ಟೆಗೆ ಚುಚ್ಚಿಕೊಳ್ಳುವುದು, ಚುಚ್ಚಿಕೊಂಡ ಕೆಲವೇ ತಿಂಗಳಲ್ಲಿ ಮೈ ಇನ್ನಷ್ಟು ತುಂಬಿತು, ಆಗ ಅವರು ಪೇಪರಿನಿಂದ ತಲೆಯೆತ್ತದೆ ಒಂದು ಮಾತು ಅಂದಿದ್ದರು, ಆ ಸೂಜಿಯಿಂದಲೇ ನೀನು ಊದ್ತಿರೋದು, — ಅಷ್ಟೇ, ಅಂದು ಪುಟ ಮಗುಚಿದರು, ಅವರಿಗೆ ನೆನಪೂ ಇರಲಿಕ್ಕಿಲ್ಲ. ಅವಳಿಗಿದೆ. ಮರುದಿನ ಒಂದು ಹೊತ್ತಿನ ಸೂಜಿ ಬಿಟ್ಟಳು, ಏನೂ ಆಗಲಿಲ್ಲ, ಆಮೇಲೆ ಇನ್ನೊಂದು ಹೊತ್ತಿನದು, ಆಮೇಲೆ ಪೆನ್ನು ಫ್ರಿಜ್ಜಿನ ಬಾಗಿಲಲ್ಲಿ ಮೊಟ್ಟೆಗಳ ಪಕ್ಕ ತಣ್ಣಗೆ ಮಲಗಿತು, ಮತ್ತೆ ನೋಡು, ತೂಕ ಇಳಿಯತೊಡಗಿತು, ಏನೂ ಮಾಡದೆ, ಹೊಟ್ಟೆ ತುಂಬ ತಿಂದರೂ, ಬಾಯಾರಿ ಕೊಡಗಟ್ಟಲೆ ನೀರು ಕುಡಿದರೂ, ಸರಸರ ಇಳಿಯಿತು.

ಕಾಟಾದ ಮೇಲೆ ಲಾರಿ ಇಲ್ಲದ ಹೊತ್ತು ನೋಡಿ ಅವಳೇ ಹೋಗಿ ನಿಲ್ಲುತ್ತಿದ್ದಳು, ಕಳ್ಳಿಯ ಹಾಗೆ, ಅದೇನು ಮನುಷ್ಯರನ್ನು ತೂಗುವ ಯಂತ್ರವೇ, ಹತ್ತು ಹತ್ತು ಕಿಲೋಗೆ ಅಂಕಿ ಬದಲಿಸುವ ಮೊದ್ದು, ಎಂಬತ್ತು, ಎಂಬತ್ತು, ಎಂಬತ್ತು, ಒಂದು ದಿನ ಇದ್ದಕ್ಕಿದ್ದಂತೆ ಎಪ್ಪತ್ತು! — ಕೆಂಪು ಅಂಕಿ ನೋಡಿ ಆ ಧೂಳಿನಲ್ಲಿ ಒಬ್ಬಳೇ ಕುಣಿದಿದ್ದಳು, ಆಮೇಲೆ ಅರವತ್ತು, ಅತ್ತಿಗೆ ಬಂದು ತೋಳು ಹಿಡಿದು, ಅಯ್ಯೋ ಅರ್ಧ ಆಗಿದ್ದೀಯಲ್ಲೇ, ಗುಟ್ಟೇನು ಹೇಳೇ, ಅಂದಳು, ಇವಳು ರಾತ್ರಿ ಊಟ ಬಿಟ್ಟೆ ಅತ್ತಿಗೆ, ನಡಿಗೆ ಶುರು ಮಾಡಿದೆ, ಅಂತ ಕತೆ ಕಟ್ಟಿದಳು, ಇನ್ಸುಲಿನ್ ತಗೊಳ್ತಿದ್ದೀಯ ತಾನೇ ಎಂದು ಒಂದು ನರಪಿಳ್ಳೆಯೂ ಕೇಳಲಿಲ್ಲ, ಕೇಳುವುದೇಕೆ, ಸಣ್ಣಗಾದವಳಿಗೆ ಏನು ಕಾಯಿಲೆ. ಹೀಗಿರುವಾಗ ಒಂದು ಸಂಜೆ ಅವರು, ಬಾರೇ ಇಲ್ಲಿ, ಎಂದು ಕರೆದು ಸ್ಟುಡಿಯೋದ ಸ್ಟೂಲಿನ ಮೇಲೆ ಕೂರಿಸಿದರು, ಗದ್ದ ಸ್ವಲ್ಪ ಎತ್ತು, ಹಾಂ, ಹಾಗೇ ಇರು, ಉಸಿರಾಡ್ಬೇಡ, ಎಷ್ಟು ಮೆತ್ತಗೆ ಅಂದರು, ಅಷ್ಟು ಮೆತ್ತಗಿನ ದನಿ ಅವರಿಗಿದೆ ಎನ್ನುವುದೇ ಅವಳಿಗೆ ಗೊತ್ತಿರಲಿಲ್ಲ, ಆ ಫೋಟೋ ದೊಡ್ಡದು ಮಾಡಿಸಿ ಅಂಗಡಿಯ ಮುಂದಿನ ಗಾಜಿನಲ್ಲಿ ನಿಲ್ಲಿಸಿದರು, ಅವಳು ಉಬ್ಬಿಹೋದಳು, ಹೌದು, ಉಬ್ಬಿದ್ದು ಮೊದಲು ಅಲ್ಲಿ, ಕಾಲು ಉಬ್ಬಿದ್ದು ಆಮೇಲೆ. ಬಚ್ಚಲಲ್ಲಿ ನೊರೆ ಕಂಡಾಗಲೂ, ಮೂತ್ರದ ಮೇಲೆ ಬಿಯರಿನಂಥ ನೊರೆ, ಸೋಪಿನ ಪುಡಿ ಸರಿಯಾಗಿ ತೊಳೆದಿಲ್ಲ ಅಂತ ಇನ್ನೊಂದು ಬಕೆಟ್ ನೀರು ಸುರಿದಳು, ಎಷ್ಟು ದಿನ ಸುರಿದಳೋ, ಪೆದ್ದಿ. ಮತ್ತೆ ಎಪ್ಪತ್ತಾಯಿತು. ಚಪ್ಪಲಿಯ ಪಟ್ಟಿ ಕಾಲು ಕಚ್ಚಿತು, ಉಂಗುರ ಬೆರಳಿನಿಂದ ಕಳಚಲಿಲ್ಲ, ಇವಳು ಊಟದಲ್ಲಿ ಅರ್ಧ ಬಿಟ್ಟಳು, ಅಂಕಿ ಇಳಿಯಲಿಲ್ಲ. ಡಾಕ್ಟರಮ್ಮನಿಗೆ ಬೆಳಿಗ್ಗೆ ಎಲ್ಲ ಹೇಳಿದಾಗ ಬೈಯುತ್ತಾಳೆ ಅಂದುಕೊಂಡಿದ್ದಳು, ಬೈದಿದ್ದರೆ ಚೆನ್ನಾಗಿತ್ತು, ಡಾಕ್ಟರಮ್ಮ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ತೂಕ ಇಳಿಸೋದು ತಪ್ಪಲ್ಲಮ್ಮ, ಸರಿಯಾಗಿ ಇಳಿಸಿದ್ರೆ ಶುಗರ್‌ಗೂ ಒಳ್ಳೇದು, ಕಿಡ್ನಿಗೂ ಒಳ್ಳೇದು, ಆದ್ರೆ ನೀವು ಇಳಿಸ್ಲಿಲ್ಲ, ಅದು ಸೋರಿಹೋಯ್ತು, ಅಂದಳು. ಸೋರಿಹೋಯ್ತು. ಕಿಡ್ನಿ ಅರ್ಧದ ಮೇಲೆ ಹೋಗಿದೆ, ಉಳಿದದ್ದನ್ನ ಉಳಿಸಿಕೊಳ್ಳೋಣ, ಇವತ್ತು ಮಧ್ಯಾಹ್ನದ ಊಟದಿಂದಲೇ ಇನ್ಸುಲಿನ್ ಶುರು ಮಾಡಿ, ಮೈ ಸ್ವಲ್ಪ ತುಂಬುತ್ತೆ, ತುಂಬಲಿ, ಹೆದರ್ಬೇಡಿ, ಬಿಟ್ರೆ ಮಾತ್ರ ಮುಂದೆ ಡಯಾಲಿಸಿಸ್ ಯಂತ್ರಕ್ಕೆ ಹಾಕಬೇಕಾಗುತ್ತೆ.

ಟಪ್. ಟಪ್. ಇನ್ನೂ ನಿಂತಿಲ್ಲ. ಮೇಜಿನ ಮೇಲೆ ಊಟದ ಡಬ್ಬಿ, ಅದರ ಪಕ್ಕ ಹೊಸ ಪೆನ್ನು, ಮುಚ್ಚಳ ತೆಗೆಯಬೇಕು, ತೆಗೆದರೆ ಮತ್ತೆ ಆ ಡ್ರಮ್ಮಿನಂಥ ಮೈ, ಫ್ರೇಮಿಗೆ ಸಾಲದವಳು, ತೆಗೆಯದಿದ್ದರೆ — ಮೊಬೈಲು ಕುಣಿಯಿತು, ಅವರೇ, ಭಾನುವಾರ ಅಂಗಡಿಯ ಹೊಸ ಬೋರ್ಡಿಗೆ ನಿಂದೇ ಫೋಟೋ ಅಂದ್ಕೊಂಡಿದ್ದೀನಿ, ಅಷ್ಟರೊಳಗೆ ಒಂಚೂರು ಬಾಯಿ ಕಟ್ಟು, ಆಯ್ತಾ? ಅವಳು ಹೇಳಿದಳು, ರೀ, ಬೆಳಿಗ್ಗೆ ಡಾಕ್ಟರ ಹತ್ರ ಹೋಗಿದ್ದೆ, ಇನ್ಸುಲಿನ್ ಬಿಟ್ಟುಬಿಟ್ಟಿದ್ದೆ ರೀ, ನಿಮಗೆ ಹೇಳಿರ್ಲಿಲ್ಲ, ಕಿಡ್ನಿ ಹೋಗ್ತಾ ಇದೆಯಂತೆ, ಅದು ಕೊಬ್ಬಲ್ಲವಂತೆ, ನೀರಂತೆ, ಇವತ್ತಿಂದ ಮತ್ತೆ ಚುಚ್ಕೋಬೇಕಂತೆ. ಆ ಕಡೆ ಸ್ಟುಡಿಯೋದ ಫ್ಯಾನಿನ ಸದ್ದು, ಅವರ ಉಸಿರು, ಈಗ ಅಂತಾರೆ, ಇರು ನಾನು ಬಂದೆ ಅಂತಾರೆ, ಅಳಬಾರದು, ಡ್ರೈವರು ನೋಡುತ್ತಿದ್ದಾನೆ, ಅಂತಾರೆ ಈಗ —

ಹಾಗಾದ್ರೆ ಮತ್ತೆ ದಪ್ಪ ಆಗ್ತೀಯಾ?

ಆಗ್ತೀನಿ, ಅಂದಳು, ಫೋನು ಇಟ್ಟಳು. ಪೆನ್ನಿನ ಮುಚ್ಚಳ ತೆಗೆದು, ಕುರ್ಚಿ ಗೋಡೆಯ ಕಡೆ ತಿರುಗಿಸಿ, ಬಟ್ಟೆ ಸರಿಸಿ, ಹೊಟ್ಟೆಯ ಮಡಿಕೆ ಹಿಡಿದು ಚುಚ್ಚಿಕೊಂಡಳು, ಇರುವೆ ಕಚ್ಚಿದಷ್ಟೂ ಇಲ್ಲ, ಇಷ್ಟಕ್ಕೇನಾ, ಇಷ್ಟು ಬಿಟ್ಟದ್ದಕ್ಕೇನಾ, ಹೊರಗೆ ಡ್ರೈವರು ಹಾರನ್ ಒತ್ತಿದ, ಅಕ್ಕಾ ಸಾಕಲ್ವಾ, ಎಲ್ಲ ಸೋರಿತು, ಇವಳು ಕಿಂಡಿಯ ಕಡೆ ತಿರುಗದೆ, ಇನ್ನೂ ಇದೆ ಕಣಪ್ಪ, ಕಾಯಿ, ಅಂದು ಬಗ್ಗಿ ಕಾಲಿನ ಬಟ್ಟೆ ಮೇಲೆತ್ತಿದಳು, ಅಂಗಡಿಯ ಗಾಜಿನಲ್ಲಿ ಗದ್ದ ಎತ್ತಿ ಕೂತವಳು ಅಲ್ಲೇ ಇರಲಿ, ಬಿಸಿಲಿಗೆ ಬಣ್ಣ ಹೋಗುವವರೆಗೆ ಇರಲಿ, ಇಲ್ಲಿ ಮೂಳೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು, ಹಿಡಿದಳು, ತೆಗೆದಳು, ಕುಳಿ, ತುಂಬುತ್ತದೇನೋ ಎಂದು ನೋಡಿದಳು, ಟಪ್, ಬೆರಳಿನ ಗಾತ್ರದ ಕುಳಿ, ಟಪ್, ಇನ್ನೂ ಹಾಗೇ, ಕುಳಿ