ಶೀಟಿನ ಹಿಂಬದಿ

ಸೊಸೆ ಹೊಲಿಗೆ ಯಂತ್ರದ ಕೆಳಗೆ ಮೊಣಕಾಲೂರಿ ಮಾತ್ರೆ ಶೀಟಿನ ಚೂರುಗಳನ್ನು ಆಯುತ್ತಿದ್ದಳು. ಖಾಲಿ ಶೀಟನ್ನು ಅತ್ತೆ ಎಂದೂ ಎಸೆದವರಲ್ಲ. ಕಚಕಚ ಕತ್ತರಿಸಿದರೆ ಕತ್ತರಿ ಹರಿತವಾಗುತ್ತದೆ ಎಂಬುದು ಅವರ ನಂಬಿಕೆ.

"ಕಸ ನಾಳೆ ಗುಡಿಸಿದ್ರಾಯ್ತು ಬಿಡೇ, ಭೂತಗನ್ನಡಿ," ಎಂದರು ಅತ್ತೆ, ಊದಿದ ಕೆನ್ನೆ ಹಿಡಿದುಕೊಂಡೇ ಪೆಡಲ್ ತುಳಿಯುತ್ತ. ಸೋಪಿನ ಪೊಟ್ಟಣದ ಸಣ್ಣಕ್ಷರವನ್ನೂ ಬಿಡದೆ ಓದುವ ಸೊಸೆಗೆ ಅವರೇ ಇಟ್ಟ ಹೆಸರು ಅದು.

ಸೊಸೆ ಚೂರುಗಳನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬೋರಲು ಹರಡಿ, ಅಂಚಿಗೆ ಅಂಚು ಕೂಡಿಸಿದಳು. ಮೂರು ಬಗೆಯ ಶೀಟು, ಮೂರು ಬೇರೆ ಹೆಸರು. ಹಿಂಬದಿಯ ಸಣ್ಣಕ್ಷರ ಮಾತ್ರ ಮೂರರಲ್ಲೂ ಒಂದೇ: ಪ್ಯಾರಾಸಿಟಮಾಲ್. ಖಾಲಿ ಗುಳಿಗಳನ್ನು ಎರಡು ಸಲ ಎಣಿಸಿದಳು. ಇಪ್ಪತ್ತಾರು.

"ಅತ್ತೆ, ನಿನ್ನೆ ಬೆಳಿಗ್ಗೆ ನಾನು ಗುಡಿಸಿದ್ಮೇಲೆ ಇಷ್ಟೂ ನೀವೇ ತಗೊಂಡ್ರಾ?"

"ಹಲ್ಲಿಗೊಂದು, ನೆಗಡಿಗೊಂದು, ಬೆನ್ನಿಗೊಂದು. ಒಂದೊಂದಕ್ಕೂ ಅದರದ್ದೇ ಔಷಧ. ನಾಳೆ ಶಾಲೆಯವರಿಗೆ ಯೂನಿಫಾರ್ಮ್ ಕೊಡ್ಬೇಕಲ್ಲ, ಮಲಗಿದ್ರೆ ಆಗುತ್ತಾ?"

"ಮೂರೂ ಒಂದೇ ಔಷಧ. ಏಳಿ, ಆಸ್ಪತ್ರೆಗೆ ಹೋಗೋಣ."

"ಗುಂಡುಕಲ್ಲಿನ ಹಾಗಿದ್ದೀನಿ, ಹೋಗೇ!"

"ಏಳದಿದ್ರೆ ಯಂತ್ರದ ಬೆಲ್ಟ್ ಬಿಚ್ಚಿಬಿಡ್ತೀನಿ."

ಅತ್ತೆ ಗೊಣಗುತ್ತ ಎದ್ದರು. ಸೊಸೆ ಚೂರುಗಳನ್ನೆಲ್ಲ ಗುಂಡಿ ಡಬ್ಬಿಗೆ ತುಂಬಿಕೊಂಡಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಡಬ್ಬಿ ಸುರುವಿ ನೋಡಿದರು, ಅತ್ತೆಯ ತೂಕ ಕೇಳಿದರು. "ಈಗ ಚೆನ್ನಾಗೇ ಕಾಣ್ತಾರೆ, ಅದೇ ಮೋಸ. ಪ್ಯಾರಾಸಿಟಮಾಲ್ ಮಿತಿಮೀರಿ ಲಿವರ್ ಕೆಡ್ತಿದ್ರೂ ಮೊದಲ ದಿನ ಗೊತ್ತಾಗಲ್ಲ. ರಕ್ತ ಕಳಿಸ್ತೀನಿ, ಆದ್ರೆ ರಿಪೋರ್ಟಿಗೆ ಕಾಯೋದು ಬೇಡ. ಡ್ರಿಪ್ಪಲ್ಲಿ ಔಷಧ ಈಗಲೇ ಶುರು ಮಾಡೋಣ."

ಒಂದು ದಿನ ಪೂರ್ತಿ ಹನಿ ಹನಿಯಾಗಿ ಔಷಧ ಇಳಿಯಿತು. ಸೊಸೆ ಬಾಟಲಿಯ ಮೇಲಿನ ಅಕ್ಷರಗಳನ್ನೂ ಓದಿ ಮುಗಿಸಿದಳು. ಮರುದಿನ ಮಧ್ಯಾಹ್ನ ಡಾಕ್ಟರಮ್ಮ ಎರಡನೆಯ ರಿಪೋರ್ಟ್ ಹಿಡಿದು ಬಂದರು.

"ಲಿವರ್ ಉಳೀತು. ಇನ್ನೊಂದು ದಿನ ತಡವಾಗಿದ್ರೆ ಏನಾಗ್ತಿತ್ತೋ. ಕಂಡುಹಿಡಿದಿದ್ದು ಯಾರು?"

ಅತ್ತೆ ದಿಂಬು ಬಿಟ್ಟು ನೆಟ್ಟಗೆ ಕೂತರು. "ನಮ್ಮ ಸೊಸೆ! ಚೂರು ಚೂರು ಮಾಡಿ ಬಿಸಾಕಿದ್ದನ್ನ ಜೋಡಿಸಿ ಓದಿದ್ಲು. ಮೂವತ್ತು ವರ್ಷದಿಂದ ಹೊಲೀತಿದ್ದೀನಿ, ಇಂಥ ತೇಪೆ ನಾನೂ ಹಾಕಿಲ್ಲ." ಆಚೆ ಮಂಚದವರು ತಿರುಗಿ ನೋಡಲಿ ಎಂದೇ ದನಿ ಏರಿಸಿದ್ದರು. ನೋಡಿದ ಮೇಲೆ ಮತ್ತೊಮ್ಮೆ ಮೊದಲಿನಿಂದ ಹೇಳಿದರು.

ಸಂಜೆ ನರ್ಸ್ ಹಲ್ಲಿನ ಕೀವಿಗೆಂದು ಹೊಸ ಶೀಟು ತಂದು, ನೀರಿನ ಲೋಟ ಮುಂದೆ ಹಿಡಿದಳು. ಅತ್ತೆ ಲೋಟ ಮುಟ್ಟಲಿಲ್ಲ. ಶೀಟನ್ನು ಬೋರಲು ಮಾಡಿ ಸೊಸೆಯ ಕೈಗೆ ಕೊಟ್ಟರು.

"ಓದು."

ಸೊಸೆ ಕಿಟಕಿಯ ಬೆಳಕಿಗೆ ತಿರುಗಿ ಒಂದೊಂದೇ ಅಕ್ಷರ ಓದತೊಡಗಿದಳು. ಲೋಟ ಹಿಡಿದ ನರ್ಸ್ ನಿಂತೇ ಇದ್ದಳು.