ಮಿಕ್ಸಿ ಜಾರಿನ ತಕರಾರು

ಒಂದೂವರೆ ತಿಂಗಳಿಂದ ನನ್ನ ಸೊಸೆ ನನ್ನ ಅಡುಗೆಯಲ್ಲಿ ತಪ್ಪು ಹುಡುಕಿರಲಿಲ್ಲ. ಬೇರೆ ಅತ್ತೆಯಂದಿರಿಗೆ ಇದು ಹಬ್ಬದೂಟದಷ್ಟು ಖುಷಿಯ ವಿಷಯವಾಗಿದ್ದೀತು. ನನಗೆ ಮಾತ್ರ ಕೈಕಾಲು ಆಡುತ್ತಿರಲಿಲ್ಲ.

ಅವಳು ಐಸ್‌ಕ್ರೀಮ್ ಕಾರ್ಖಾನೆಯಲ್ಲಿ ರುಚಿ ನೋಡುವವಳು. ಹಾಲು ಕೆಡುವ ಮೊದಲೇ ಅವಳ ಮೂಗಿಗೆ ಸುದ್ದಿ ಮುಟ್ಟುತ್ತಿತ್ತು. ಫ್ರಿಜ್ಜಿನ ಬಾಗಿಲು ತೆಗೆದು, "ಅತ್ತೆ, ಈ ಹಾಲು ನಾಳೆವರೆಗೆ ತಡೆಯಲ್ಲ" ಅನ್ನುವಳು. ನಾನು ಹಟಕ್ಕೆ ಬಿದ್ದು ಅದನ್ನೇ ಇಡುತ್ತಿದ್ದೆ, ಬೆಳಿಗ್ಗೆ ಕಾಯಿಸಿದರೆ ಒಡೆದು ನೀರಾಗುತ್ತಿತ್ತು. ಏಳು ವರ್ಷ ನಾವಿಬ್ಬರೂ ಹೀಗೇ ಕಿತ್ತಾಡಿಕೊಂಡು ಚೆನ್ನಾಗಿದ್ದೆವು.

ಆಮೇಲೆ ಅವಳಿಗೊಂದು ಜ್ವರ ಬಂತು. ಜ್ವರ ವಾರಕ್ಕೆ ಹೋಯಿತು, ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಯಿತು. ಒಂದು ದಿನ ನಾನು ಮಹಡಿಯಿಂದ ಇಳಿದು ಬಂದರೆ ಅಡುಗೆಮನೆ ತುಂಬ ಸೀದ ವಾಸನೆ. ಒಲೆಯ ಮೇಲೆ ಪಾತ್ರೆ ತಳ ಹತ್ತಿ ಕರ್ರಗಾಗಿದೆ, ಇವಳು ಮೂರು ಮಾರು ದೂರದಲ್ಲಿ ಒಲೆಗೆ ಬೆನ್ನು ಹಾಕಿ ಕೂತು ಬಟ್ಟೆ ಮಡಿಸುತ್ತಿದ್ದಾಳೆ. ನನ್ನ ಮುಖ ನೋಡಿ, ಪಾತ್ರೆ ನೋಡಿ, "ಗೊತ್ತಾಗ್ಲಿಲ್ಲ ಅತ್ತೆ" ಅಂದಳು. ಬೈಯಲು ಬಾಯಿ ತೆರೆದವಳು ಬೈಯದೆ ಒಲೆ ಆರಿಸಿದೆ. ನನಗೆ ನಿಜಕ್ಕೂ ಭಯವಾಗಿತ್ತು.

ಡಾಕ್ಟರು ನರ ಸುಧಾರಿಸಲು ಸಮಯ ಬೇಕು, ಪರಿಚಯದ ವಾಸನೆಗಳನ್ನು ದಿನಾ ಎರಡು ಹೊತ್ತು ತೋರಿಸಿ ಎಂದರು. ಲವಂಗ, ನಿಂಬೆ ಸಿಪ್ಪೆ, ಕಾಫಿ ಪುಡಿ, ಸೋಪು. ಅವಳು ಕಣ್ಣು ಮುಚ್ಚಿ ಮೂಸುವಳು, ನಾನು ಎದುರು ಕೂತು ಅವಳ ಮುಖ ನೋಡುವೆನು. "ಏನೋ ಇರೋ ಹಾಗಿದೆ. ಏನು ಅಂತ ಗೊತ್ತಾಗಲ್ಲ" ಎನ್ನುವಲ್ಲಿಗೆ ಪಾಠ ಮುಗಿಯುತ್ತಿತ್ತು.

ರಜೆ ಮುಗಿಯಿತು. ಸೋಮವಾರ ಕಾರ್ಖಾನೆಯಲ್ಲಿ ಪರೀಕ್ಷೆ: ಹತ್ತು ಬಟ್ಟಲು ಐಸ್‌ಕ್ರೀಮ್ ಇಡುತ್ತಾರೆ, ಅದರಲ್ಲಿ ಕೆಟ್ಟದ್ದು ಯಾವುದು ಅಂತ ಹೇಳಬೇಕು. ಹೇಳಲಾಗದಿದ್ದರೆ ಇನ್ನು ಮುಂದೆ ಪ್ಯಾಕಿಂಗ್ ವಿಭಾಗದಲ್ಲಿ ಡಬ್ಬಿಗೆ ಚೀಟಿ ಅಂಟಿಸುವ ಕೆಲಸ. "ಚೀಟಿ ಅಂಟಿಸೋದೂ ಕೆಲಸಾನೇ ಅಲ್ವಾ ಅತ್ತೆ" ಎಂದು ನಕ್ಕಳು. ಆ ನಗು ನೋಡಲಾರದೆ ನಾನು ಒಳಗೆ ಹೋದೆ.

ಭಾನುವಾರ ಮಧ್ಯಾಹ್ನ ಅವಳು ಮಲಗಿದ್ದಾಗ ಕೊನೆಯದೊಂದು ಪ್ರಯತ್ನ ಮಾಡೋಣ ಅನ್ನಿಸಿತು. ಅವಳಿಗೆ ಅತಿ ಇಷ್ಟವಾದದ್ದು ಪುದೀನಾ ಮತ್ತು ಚಾಕೊಲೇಟ್ ಚೂರಿನ ಮಿಲ್ಕ್‌ಶೇಕ್. ಆ ರುಚಿಯ ಐಸ್‌ಕ್ರೀಮನ್ನು ಒಮ್ಮೆ ಕಾರ್ಖಾನೆಯಿಂದ ತಂದುಕೊಟ್ಟಾಗ, ಹಲ್ಲುಜ್ಜಿ ಬಾಯಿ ತೊಳೆಯದೆ ಚಾಕೊಲೇಟ್ ತಿಂದ ಹಾಗಿದೆ ಎಂದು ನಾನು ಹೇಳಿದ್ದೆ. ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಮಗ ಪೇಟೆಯಿಂದ ಎಸೆನ್ಸ್ ಬಾಟಲಿ ತರುತ್ತೇನೆಂದ. ಬೇಡವೆಂದೆ. ಒಂದು ಕಟ್ಟು ಪುದೀನಾ ಬಿಡಿಸಿ, ತೊಳೆದು, ಕೈಯಲ್ಲೇ ಹಿಸುಕಿ, ಬಿಸಿ ಹಾಲಿಗೆ ಹಾಕಿ ತಟ್ಟೆ ಮುಚ್ಚಿಟ್ಟೆ. ಅರ್ಧ ಗಂಟೆ ಬಿಟ್ಟು ಸೋಸಿ ಫ್ರಿಜ್ಜಿನಲ್ಲಿಟ್ಟೆ. ಹಾಲು ತಣ್ಣಗಾಗುವವರೆಗೆ ಚಾಕೊಲೇಟನ್ನು ಚಾಕುವಿನಿಂದ ಸಣ್ಣಗೆ ಕೊಚ್ಚಿದೆ. ಮಗನ ಕೈಗೆ ಎರಡು ಸಲ ಹೊಡೆದೆ, ಆದರೂ ಕಾಲು ಭಾಗ ಅವನ ಹೊಟ್ಟೆ ಸೇರಿತು. ಹಾಲಿಗೆ ನಾಲ್ಕು ಚಮಚ ವೆನಿಲಾ ಐಸ್‌ಕ್ರೀಮ್ ಹಾಕಿ ಮಿಕ್ಸಿ ತಿರುಗಿಸಿದೆ. ಚಾಕೊಲೇಟ್ ಚೂರು ಕೊನೆಗೆ, ಒಂದೇ ಸುತ್ತು. ಹೆಚ್ಚು ತಿರುಗಿಸಿದರೆ ಕೆಸರಾಗುತ್ತದೆ. ಅಂಗಡಿಯ ಹಸಿರು ಬರಲಿಲ್ಲ. ನೊರೆ ಮಾತ್ರ ಚೆನ್ನಾಗಿ ಬಂತು.

ಅವಳನ್ನು ಎಬ್ಬಿಸಿ ಮೇಜಿಗೆ ಕರೆತಂದೆ. ಒಂದು ಗುಟುಕು ಕುಡಿದಳು.

"ತಂಪಾಗಿದೆ ಅತ್ತೆ. ಮೂಗಿನವರೆಗೂ ಹೋಯ್ತು."

"ಪುದೀನಾ ಗೊತ್ತಾಯ್ತಾ ಹಾಗಾದ್ರೆ?"

"ಇಲ್ಲ. ತಂಪು ಬೇರೆ, ವಾಸನೆ ಬೇರೆ. ತಂಪು ಗೊತ್ತಾಗೋಕೆ ವಾಸನೆ ಬೇಕಿಲ್ಲ."

ನನಗೆ ಅಳು ಬಂದಂತಾಯಿತು. ಅವಳು ನನ್ನ ಮುಖ ನೋಡಿ, ನನಗೋಸ್ಕರ ಅಂತಲೇ ಮತ್ತೊಂದು ದೊಡ್ಡ ಗುಟುಕು ಕುಡಿದಳು. ಇನ್ನೊಂದು ಕುಡಿಯಲು ಎತ್ತಿದ ಲೋಟ ಬಾಯಿಯ ಹತ್ತಿರವೇ ನಿಂತಿತು. ಹುಬ್ಬು ಗಂಟಿಕ್ಕಿತು.

"ಅತ್ತೆ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ."

ಏಳು ವರ್ಷದಲ್ಲಿ ಈ ಮಾತಿನ ಹಿಂದೆ ಒಳ್ಳೆಯದು ಬಂದದ್ದೇ ಇಲ್ಲ. "ಹೇಳು" ಎಂದೆ.

"ಇದ್ರಲ್ಲಿ ಬೆಳ್ಳುಳ್ಳಿ ಇದೆ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಹಾಲಿಗೆ ಬೆಳ್ಳುಳ್ಳಿ ಹಾಕೋಕೆ ನನಗೇನು ತಲೆ ಕೆಟ್ಟಿದೆಯಾ?"

"ಹಾಕಿದ್ರಿ ಅಂತ ನಾನೆಲ್ಲಿ ಅಂದೆ? ಜಾರು ಸರಿಯಾಗಿ ತೊಳೆದಿಲ್ಲ ಅನ್ಸುತ್ತೆ."

ಮೂವತ್ತು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದವಳು ನಾನು. ಒಂದು ಕಲೆ ಉಳಿದರೂ ಹೊದಿಕೆಯನ್ನು ವಾರ್ಡಿಗೆ ಕಳಿಸಿದವಳಲ್ಲ. "ತೊಳೆಯೋದು ನನಗೆ ಹೇಳಿಕೊಡ್ತೀಯಾ? ಏನೋ ಅಪ್ಪಾ, ನಿನ್ನ ಹೆಂಡತಿ ಏನಂತಾಳೆ ಕೇಳು."

ಮಗ ಅಷ್ಟರಲ್ಲಿ ತನ್ನ ಲೋಟ ಖಾಲಿ ಮಾಡಿದ್ದ. "ಚೆನ್ನಾಗೇ ಇತ್ತಲ್ಲ" ಎಂದ. ಹಸಿವಾದರೆ ಅವನಿಗೆ ಸಾಬೂನಾದರೂ ನಡೆಯುತ್ತದೆ, ಅವನ ಸಾಕ್ಷಿ ಲೆಕ್ಕಕ್ಕಿಲ್ಲ. ನಾನೇ ಅವಳ ಲೋಟ ಕಿತ್ತುಕೊಂಡು ಕುಡಿದೆ. ಪುದೀನಾ, ಹಾಲು, ಚಾಕೊಲೇಟ್, ಅಷ್ಟೇ.

"ಎಲ್ಲಿದೆಯೇ ಬೆಳ್ಳುಳ್ಳಿ? ಸುಮ್ಮಸುಮ್ಮನೆ ಇಲ್ಲದ ವಾಸನೆ..."

ಅಲ್ಲಿಗೆ ನನ್ನ ಮಾತು ನಿಂತುಹೋಯಿತು. ಅವಳೂ ನನ್ನನ್ನೇ ನೋಡುತ್ತಿದ್ದಳು.

ಅವಳು ಎದ್ದು ಅಡುಗೆಮನೆಗೆ ಓಡಿದಳು. ಜಾರಿನ ಮುಚ್ಚಳ ತಿರುಗಿಸಿ ಹಿಡಿದು, ಸುತ್ತ ಇದ್ದ ರಬ್ಬರನ್ನು ಉಗುರಿನಿಂದ ಎಬ್ಬಿಸಿ ಎಳೆದಳು. ರಬ್ಬರಿನ ಹಿಂದಿನ ಸಂದಿಯಲ್ಲಿ ಹಳದಿ ಬಣ್ಣದ ಚೂರು, ಸಾಸಿವೆಗಿಂತ ಸಣ್ಣದು. ಬೆಳಿಗ್ಗೆ ಅದೇ ಜಾರಿನಲ್ಲಿ ಬೆಳ್ಳುಳ್ಳಿ ಅರೆದದ್ದು ನಾನೇ. ರಬ್ಬರು ಬಿಚ್ಚದೆ ತೊಳೆದದ್ದೂ ನಾನೇ.

ಅವಳು ಅದನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು. "ಬೆಳ್ಳುಳ್ಳಿ ಅತ್ತೆ" ಎಂದಳು. ಆಮೇಲೆ ಜಾರಿನಲ್ಲಿ ಮಿಕ್ಕಿದ್ದ ಮಿಲ್ಕ್‌ಶೇಕ್ ಕುಡಿದು, ಬಾಯಲ್ಲಿ ಹಿಡಿದುಕೊಂಡು, ನುಂಗಿ, ಕಣ್ಣು ಒರೆಸಿಕೊಂಡಳು. "ಪುದೀನಾನೂ ಇದೆ. ಹಿಂದೆ ಎಲ್ಲೋ ಇದೆ. ಸಣ್ಣಗೆ."

ನಾನು ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ. ಎದೆಯ ಮೇಲೆ ಒಂದೂವರೆ ತಿಂಗಳಿಂದ ಕೂತಿದ್ದ ಭಾರ ಇಳಿದಿತ್ತು. ಮರುದಿನ ಹತ್ತು ಬಟ್ಟಲಲ್ಲಿ ಕೆಟ್ಟಿದ್ದ ಎರಡನ್ನೂ ಅವಳು ಹಿಡಿದಳೆಂದು ಈಗಲೇ ಹೇಳಿಬಿಡುತ್ತೇನೆ, ಓದುವವರನ್ನು ಕಾಯಿಸುವ ಚಟ ನನಗಿಲ್ಲ. ಒಂದು ಒಳ್ಳೆಯ ಬಟ್ಟಲನ್ನೂ ಕೆಟ್ಟದ್ದೆಂದಳಂತೆ. ಅದಕ್ಕೆ ಮೇಲಿನವರು, ಮೂಗು ಇನ್ನೂ ಎಳೆಯದು, ಹದಕ್ಕೆ ಬರುತ್ತದೆ ಎಂದರಂತೆ.

ಆ ಭಾನುವಾರ ಮಾತ್ರ ನಾನು ರಬ್ಬರನ್ನು ಸೋಪು ಹಾಕಿ ಉಜ್ಜಿ ತೊಳೆದು ಅವಳ ಮುಂದೆ ಹಿಡಿದೆ. "ಈಗ ನೋಡು."

ಮೂಸಿದಳು. ಒಂದು ಕ್ಷಣ ಅನುಮಾನಿಸಿದಳು. "ಹೇಳ್ಲಾ?"

"ಹೇಳೇ."

"ಇನ್ನೂ ಇದೆ."

ನಿಂಬೆರಸ ಹಿಂಡಿ ಮತ್ತೆ ತೊಳೆದೆ. ಇನ್ನೂ ಇದೆ ಎಂದಳು. ಬಿಸಿನೀರಿನಲ್ಲಿ ಅದ್ದಿ ತೆಗೆದೆ. ಸ್ವಲ್ಪ ಇದೆ ಎಂದಳು. ಮಗ ಬಾಗಿಲಿಗೆ ಒರಗಿ, "ಸಾಕು ಬಿಡಮ್ಮ, ಹೊಸ ರಬ್ಬರು ತರ್ತೀನಿ" ಎಂದ. ನೀನು ಸುಮ್ಮನಿರೋ ಎಂದು ಗದರಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಲ್ಲಿ ತಿರುಗಿಸಿದೆ. ನನ್ನ ತೊಳೆತಕ್ಕೆ ಇನ್ನೊಬ್ಬರು ತಪ್ಪು ಹಿಡಿದಾಗ ಇಷ್ಟು ಸುಖವಾಗಿ ತೊಳೆದದ್ದು ಅದೇ ಮೊದಲು.