ಮೇಷ್ಟ್ರ ಮೂವತ್ತೆರಡು ಹೆಜ್ಜೆ

ದೊಡ್ಡಮಾದಯ್ಯ ಮೇಷ್ಟ್ರ ಹೆಜ್ಜೆ ಎರಡೂವರೆ ಅಡಿ. ತಿ. ನರಸೀಪುರದಲ್ಲಿ ಇದು ಕಪಿಲೆ ಬಂದು ಕಾವೇರಿಗೆ ಸೇರುತ್ತದೆ ಎಂಬಷ್ಟೇ ಖಚಿತವಾದ ಸಂಗತಿಯಾಗಿತ್ತು. ಬದನವಾಳಿನಿಂದ ನಂಜನಗೂಡಿಗೆ ನಡೆದು ಹೋಗಿ ಓದುತ್ತಿದ್ದ ಕಾಲದಲ್ಲಿ ಅವರು ಒಂದು ಮೈಲಿಗಲ್ಲಿನಿಂದ ಇನ್ನೊಂದಕ್ಕೆ ಹೆಜ್ಜೆ ಎಣಿಸಿದ್ದರಂತೆ. ಎರಡು ಸಾವಿರದ ನೂರ ಹನ್ನೆರಡು. ಭಾಗಿಸಿದರೆ ಎರಡೂವರೆ ಅಡಿ, ಶೇಷ ಸೊನ್ನೆ. ಆಮೇಲೆ ಅವರು ಟೇಪಿನ ಮುಖ ನೋಡಲಿಲ್ಲ. "ಟೇಪು ಎಳೆದರೆ ಹಿಗ್ಗುತ್ತೆ ಕಣವ್ವಾ, ನನ್ನ ಹೆಜ್ಜೆ ಹಿಗ್ಗಲ್ಲ" ಎನ್ನುತ್ತಿದ್ದರು. ಊರಿನಲ್ಲಿ ಮದುವೆ ಚಪ್ಪರ ಹಾಕುವವರು ಕೂಡ ಅವರನ್ನು ಕರೆದು ನಡೆಸುತ್ತಿದ್ದರು. ಅವರು ನಡೆದು ಕೊಟ್ಟ ಚಪ್ಪರದಲ್ಲಿ ಯಾವಾಗಲೂ ಆರೇಳು ಎಲೆ ಹಾಕುವಷ್ಟು ಜಾಗ ಮಿಕ್ಕುತ್ತಿತ್ತು. ಅದು ಮೇಷ್ಟ್ರ ಕೈಗುಣ ಎಂದು ಜನ ಹೊಗಳುತ್ತಿದ್ದರು.

ಹುಡುಗಿಯರ ಹೈಸ್ಕೂಲಿನಲ್ಲಿ ಅವರು ಹಗಲು ಗಣಿತ ಹೇಳುತ್ತಿದ್ದರು, ಸಂಜೆ ಖೋ ಖೋ ಆಡಿಸುತ್ತಿದ್ದರು. ಎಪ್ಪತ್ತೊಂದರಿಂದ ಎಂಬತ್ತೈದರವರೆಗೆ ಅಂಕಣದ ಅಳತೆ ಅವರ ಕಾಲಿನದೇ. ಕಂಬದಿಂದ ಕಂಬಕ್ಕೆ ಮೂವತ್ತೆರಡು ಹೆಜ್ಜೆ. ಖಾದಿ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಸುಣ್ಣದ ಪುಡಿಯ ಡಬ್ಬ ಹಿಡಿದು, ಎದುರಿಗೆ ಅಮಲ್ದಾರರೇ ಬಂದರೂ ಮಾತಾಡಿಸದೆ ಎಣಿಸುತ್ತ ಹೋಗುತ್ತಿದ್ದರು.

ಅವರ ತಂಡ ಸ್ವಂತ ಊರಿನಲ್ಲಿ ಒಮ್ಮೆಯೂ ಸೋಲಲಿಲ್ಲ. ಹೊರಗೆ ಹೋಗಿ ಒಮ್ಮೆಯೂ ಗೆಲ್ಲಲಿಲ್ಲ. ನರಸೀಪುರಕ್ಕೆ ಬಂದ ತಂಡಗಳು ಓಡಿ ಓಡಿ ನಾಲಿಗೆ ಹೊರಹಾಕುತ್ತಿದ್ದವು. ನರಸೀಪುರದವರು ನಂಜನಗೂಡಿಗೆ ಹೋದರೆ ಫೌಲಿನ ಮೇಲೆ ಫೌಲು. ಕೂತಿರುವವಳ ಬೆನ್ನಿಗೆ ಸರಿಯಾಗಿ ಬಂದು ಖೋ ಕೊಡಬೇಕು. ಇವರೋ ಅವಳನ್ನು ದಾಟಿಹೋಗಿ, ಹಿಂದಕ್ಕೆ ಕೈಚಾಚಿ ಕೊಡುತ್ತಿದ್ದರು. "ನಿಮ್ಮ ಹುಡುಗೀರು ಬ್ರೇಕ್ ಇಲ್ಲದ ಬಸ್ಸು ಕಣ್ರೀ, ಸ್ಟಾಪ್ ಬಿಟ್ಟು ಮುಂದೆ ನಿಲ್ತಾರೆ" ಎಂದು ನಂಜನಗೂಡಿನ ತಂಡದ ಕೋಚ್ ಚಕ್ರಪಾಣಿ ಹಲ್ಲು ಕಿಸಿಯುತ್ತಿದ್ದರು. "ನೀವು ರಸಬಾಳೆ ತಿನ್ನಿಸಿ ಅಂಪೈರನ್ನ ಮೆತ್ತಗೆ ಮಾಡಿದ್ದೀರಿ" ಎಂದು ಮೇಷ್ಟ್ರು ತಿರುಗಿಸುತ್ತಿದ್ದರು. ಆಮೇಲೆ ಇಬ್ಬರೂ ಒಂದೇ ಹೋಟೆಲಿಗೆ ಹೋಗಿ ಒಂದು ಕಾಫಿಯನ್ನು ಎರಡು ಮಾಡಿಸಿಕೊಂಡು ಕುಡಿಯುತ್ತಿದ್ದರು.

ಈ ಕಥೆಯಲ್ಲಿ ಚಂಪಕಳ ಪಾಲು ಬಹಳ ಚಿಕ್ಕದು. ಅವಳಿಗೂ ಹಾಗೇ ಇಷ್ಟ. ಎಂಟನೇ ತರಗತಿಯಲ್ಲಿ ಅವಳೂ ಅಂಕಣದಲ್ಲಿ ಕೂತವಳೇ. ಮೊದಲ ದಿನ ಯಾರೋ ಬಂದು ಬೆನ್ನಿಗೆ ಬಡಿದು "ಖೋ!" ಎಂದಾಗ, ಎದ್ದು ಓಡುವ ಬದಲು ತಿರುಗಿ ನೋಡಿ, "ನನಗಾ?" ಎಂದು ಕೇಳಿದಳು. ಮೈದಾನವೆಲ್ಲ ನಕ್ಕಿತು. "ಖೋ ಅನ್ನೋದು ಕಾಗದ ಅಲ್ಲ ಕಣವ್ವಾ, ಓದಿ ಉತ್ತರ ಬರೆಯೋಕೆ" ಎಂದು ಮೇಷ್ಟ್ರು ಅವಳನ್ನು ಎಬ್ಬಿಸಿ, ಮರದ ಕೆಳಗೆ ಕೂರಿಸಿ, ಸ್ಕೋರ್ ಪುಸ್ತಕ ಕೊಟ್ಟರು. ಅಲ್ಲಿಂದ ಅವಳು ಅದನ್ನು ಬಿಡಲಿಲ್ಲ. ಮನೆಗೆ ಹೋಗಿ ಡೈರಿಯಲ್ಲೂ ಬರೆಯುತ್ತಿದ್ದಳು. ಬಾಯಿಗೆ ಬರದ್ದೆಲ್ಲ ಅಲ್ಲಿಗೆ ಬರುತ್ತಿತ್ತು.

ಎಪ್ಪತ್ತೊಂಬತ್ತರ ಫೈನಲ್ ನಂಜನಗೂಡಿನಲ್ಲಿ ನಡೆಯಿತು. ಕೊನೆಯ ನಿಮಿಷ, ಸಮ ಸಮ. ಎದುರು ತಂಡದ ಹುಡುಗಿಯನ್ನು ಅಟ್ಟಿಸಿಕೊಂಡು ಹೋದವಳು ಕ್ಯಾಪ್ಟನ್ ಸರ್ವಮಂಗಳಾ. ಖೋ ಕೊಟ್ಟಿದ್ದರೆ ಮುಗಿದಿತ್ತು. ಕೂತವಳನ್ನು ಒಂದು ಹೆಜ್ಜೆ ದಾಟಿಹೋಗಿ ಕೈ ಹಿಂದಕ್ಕೆ ಚಾಚಿದಳು. ಸೀಟಿ. ಫೌಲ್. ಸರಿಯಾದ ಖೋ ಕೊಡುವಷ್ಟರಲ್ಲಿ ಎದುರಿನವಳು ಕಂಬ ದಾಟಿದ್ದಳು, ವೇಳೆ ಮುಗಿಯಿತು. ಹೆಚ್ಚು ಫೌಲು ಮಾಡಿದವರು ಸೋತಂತೆ ಎಂದು ಕಪ್ಪನ್ನು ಆ ಕಡೆ ಕೊಟ್ಟರು. ಬಸ್ ಸ್ಟ್ಯಾಂಡಿನಲ್ಲಿ ಮೇಷ್ಟ್ರು ಎಲ್ಲರಿಗೂ ರಸಬಾಳೆ ಕೊಡಿಸಿ, "ಇವರ ಊರಿಂದ ಏನಾದ್ರೂ ಒಂದು ಹೊಡ್ಕೊಂಡು ಹೋಗೋಣ, ತಿನ್ನಿ" ಎಂದರು. ಸರ್ವಮಂಗಳಾ ತಿನ್ನಲಿಲ್ಲ. ಎರಡು ವಾರಕ್ಕೆ ಮೈಸೂರಿನಲ್ಲಿ ಜಿಲ್ಲಾ ತಂಡದ ಸೆಲೆಕ್ಷನ್ ಇತ್ತು, ಮೇಷ್ಟ್ರು ಅವಳ ಹೆಸರು ಕಳಿಸಿದ್ದರು. "ದಾಟಿಹೋಗೋ ಕಾಲು ಇಟ್ಕೊಂಡು ಯಾವ ಮುಖ ತೋರ್ಸ್ಲಿ" ಎಂದು ಅವಳು ಹೋಗಲೇ ಇಲ್ಲ.

ಚಂಪಕ ಸ್ಕೋರ್ ಪುಸ್ತಕ ತಿರುವಿಹಾಕಿದಳು. ಊರಿನಲ್ಲಿ ಆಡಿದಾಗ ಫೌಲು ಒಂದೋ ಎರಡೋ. ಹೊರಗೆ ಹತ್ತಕ್ಕೆ ಕಮ್ಮಿ ಇಲ್ಲ. ಅದೇ ಕಾಲು, ಅದೇ ಹುಡುಗಿಯರು. ಭಾನುವಾರ ಬೆಳಿಗ್ಗೆ ಅವಳು, ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದ ಅಮ್ಮ ಗೋವಿಂದಮ್ಮನ ಟೇಪನ್ನು ಲಂಗದ ಮಡಿಲಲ್ಲಿ ಮುಚ್ಚಿಕೊಂಡು ಮೈದಾನಕ್ಕೆ ಹೋದಳು. ಐದಡಿಯ ಟೇಪು. ಮೂವತ್ತೆರಡು ಹೆಜ್ಜೆ ಅಂದರೆ ಎಂಬತ್ತಡಿ, ಕಂಬದಿಂದ ಕಂಬಕ್ಕೆ ಹದಿನಾರು ಟೇಪಿಗೆ ಮುಗಿಯಬೇಕು. ಹದಿನೇಳು ಬಂತು. ಇನ್ನೊಮ್ಮೆ ಅಳೆದಳು. ಹದಿನೇಳೇ.

ಆ ರಾತ್ರಿ ಡೈರಿಯಲ್ಲಿ ಬರೆದಳು: 'ಅಂಕಣ ಐದಡಿ ಉದ್ದ. ಅದಕ್ಕೇ ನಮ್ಮವರು ಹೊರಗೆ ಹೋದರೆ ದಾಟುವುದು. ನಾಳೆ ಮೇಷ್ಟ್ರಿಗೆ ಹೇಳುತ್ತೇನೆ.' ಮರುದಿನ ಬರೆದದ್ದು: 'ನಾಳೆ ಹೇಳುತ್ತೇನೆ.' ಅದರ ಮರುದಿನವೂ ಅದೇ. ಗಣಿತದ ಮೇಷ್ಟ್ರಿಗೆ ನಿಮ್ಮ ಲೆಕ್ಕ ತಪ್ಪು ಎಂದು ಹೇಳುವುದು ಹೇಗೆ ಎಂದು ಯೋಚಿಸುತ್ತ ಅವಳು ಎಸ್ಸೆಸ್ಸೆಲ್ಸಿ ಮುಗಿಸಿದಳು, ಮೈಸೂರಿಗೆ ಹೋಗಿ ಬಿ.ಎ. ಮುಗಿಸಿದಳು, ಮನೆಗೆ ವಾಪಸು ಬಂದಳು. ಅಷ್ಟರಲ್ಲಿ ಮೇಷ್ಟ್ರೇ ಮುಗಿದುಹೋದರು.

ಅವರು ತೀರಿಕೊಂಡ ಮೂರನೇ ತಿಂಗಳು, ಎಂಬತ್ತೇಳರ ಫೆಬ್ರವರಿಯ ಒಂದು ಭಾನುವಾರ, ಹಳೆಯ ವಿದ್ಯಾರ್ಥಿನಿಯರು ಸ್ಕೂಲಿನ ಮೈದಾನದಲ್ಲೇ ನೆನಪಿನ ಸಭೆ ಇಟ್ಟುಕೊಂಡರು. ಸಭೆ ಮುಗಿದ ಮೇಲೆ ನಂಜನಗೂಡಿನ ಹಳೆಯ ಹುಡುಗಿಯರ ಜೊತೆ ಒಂದು ಆಟ. ಕೊನೆಯಲ್ಲಿ ಚಂಪಕ ಸ್ಕೋರ್ ಪುಸ್ತಕದಿಂದ ನಾಲ್ಕು ಸಾಲು ಓದಬೇಕು. ಈ ನಾಲ್ಕು ಸಾಲಿಗಾಗಿ ಅವಳು ಮೂರು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಮೇಷ್ಟ್ರ ಹೆಂಡತಿ ಮಂಚಮ್ಮನವರು ಮುಂದಿನ ಕುರ್ಚಿಯಲ್ಲಿ, ಫೋಟೋಗೆ ಎದುರಾಗಿ ಕೂತಿದ್ದರು. ಪಕ್ಕದಲ್ಲಿ ಚಕ್ರಪಾಣಿ. ಒಬ್ಬೊಬ್ಬರೇ ಎದ್ದು ಮೇಷ್ಟ್ರ ಮಾತುಗಳನ್ನು ಅನುಕರಿಸಿ ನಗಿಸಿದರು. ಆಮೇಲೆ ಹೆಮ್ಮರಗಾಲದಿಂದ ಮಗು ಎತ್ತಿಕೊಂಡು ಬಂದಿದ್ದ ಸರ್ವಮಂಗಳಾ ಎದ್ದಳು. ಮಗುವನ್ನು ಸೊಂಟದಿಂದ ಸೊಂಟಕ್ಕೆ ಬದಲಿಸಿದಳು.

"ನಂಗೆ ಜಾಸ್ತಿ ಮಾತು ಬರಲ್ಲ. ಮದ್ವೆ ಆದ್ಮೇಲೆ ಒಂದ್ಸಲಾನೂ ಈ ಕಡೆ ಬರಲಿಲ್ಲ. ಮೇಷ್ಟ್ರ ಮುಂದೆ ನಿಲ್ಲೋಕೆ ನಾಚಿಕೆ ಆಗೋದು. ಅವ್ರು ಒಂದೇ ಒಂದು ಕಪ್ ಕೇಳಿದ್ರು, ಅದು ನನ್ ಕಾಲಿಂದ ಹೋಯ್ತು." ಫೋಟೋ ಕಡೆ ತಿರುಗಿದಳು. "ತಪ್ಪಾಯ್ತು ಸಾ."

ಚಂಪಕ ಎದ್ದಳು. ಅವಳ ಸರದಿ ಇನ್ನೂ ಬಂದಿರಲಿಲ್ಲ. ಯಾರ ಕಡೆಯೂ ನೋಡದೆ, ಆಟಕ್ಕೆ ನೆಡಲು ತಂದಿಟ್ಟಿದ್ದ, ಸುಣ್ಣ ಬಳಿದ ಕಂಬದ ಕಡೆ ನೋಡಿಕೊಂಡು, "ಅಂಕಣ ಐದಡಿ ಉದ್ದ ಇತ್ತು" ಎಂದಳು.

"ಏನಂದೆ? ಜೋರಾಗಿ ಹೇಳೇ" ಎಂದರು ಹಿಂದಿನವರು.

"ಈ ಅಂಕಣ. ಐದಡಿ ಉದ್ದ. ನಾನು ಅಳೆದಿದ್ದೆ, ಫೈನಲ್ ಆದ ವಾರ. ಸರ್ವಮಂಗಳಾ ದಾಟಿಹೋಗಿದ್ದಲ್ಲ. ಇಲ್ಲಿ ಕಲಿತ ಕಾಲು ಅದು. ಅಲ್ಲಿ ಕೂತವಳು ಇನ್ನೂ ಹತ್ತಿರ ಕೂತಿದ್ದಳು." ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ಕೆಂಪಾಗಿತ್ತು. "ಮೇಷ್ಟ್ರ ಹೆಜ್ಜೆ ಎರಡೂವರೆ ಅಡಿ ಅಲ್ಲ."

ಹೇಳಿಬಿಟ್ಟ ಮೇಲೆ ಅವಳಿಗೆ ಮಂಚಮ್ಮನವರು ಕಂಡರು. ಗಂಡನ ಫೋಟೋಗೆ ಹಾರ ಹಾಕಿ ಇನ್ನೂ ಒಂದು ಗಂಟೆ ಆಗಿರಲಿಲ್ಲ. ಅವರ ಭುಜ ಅಲುಗುತ್ತಿತ್ತು. ಅಳಿಸಿಬಿಟ್ಟೆನಲ್ಲ ಎಂದುಕೊಂಡಳು ಚಂಪಕ.

ಮಂಚಮ್ಮ ಬಾಯಿಗೆ ಒತ್ತಿಕೊಂಡಿದ್ದ ಸೆರಗನ್ನು ತೆಗೆದರು. ನಗುತ್ತಿದ್ದರು.

"ಅಯ್ಯೋ ನನ್ನವ್ವಾ! ಮೂವತ್ತು ವರ್ಸ ನನ್ನ ರವಿಕೆ ಬಟ್ಟೆ ಗೇಣು ಕಮ್ಮಿ ತಂದ್ರು. ಮೈದಾನಕ್ಕೆ ಮಾತ್ರ ಐದಡಿ ಎಚ್ಗೆ ಕೊಟ್ಟವ್ರಾ!"

ಮೊದಲು ನಕ್ಕವರು ಚಕ್ರಪಾಣಿ. ಆಮೇಲೆ ಎಲ್ಲರೂ.

"ಆ ಮೈಲಿಗಲ್ಲಿನ ಲೆಕ್ಕ ಯಾವಾಗಿಂದು ಗೊತ್ತಾ?" ಮಂಚಮ್ಮ ಕಣ್ಣೊರೆಸಿಕೊಂಡರು. "ಐಸ್ಕೂಲು ಓದೋವಾಗಿಂದು. ನಾನು ಮದ್ವೆ ಆಗಿ ಬಂದಾಗ ನನ್ನಷ್ಟೇ ಇದ್ರು. ಆಮ್ಯಾಲೆ ಬೆಳೆದ್ರು, ಮುದ್ದೆ ತಿಂದ್ಕೊಂಡು. ಕಾಲು ಬೆಳೀತು, ಲೆಕ್ಕ ಅಲ್ಲೇ ನಿಂತ್ಕೊತು."

"ನನಗೆ ಮೊದಲನೇ ವರ್ಷವೇ ಗೊತ್ತಿತ್ತು ಕಣ್ರೀ" ಎಂದರು ಚಕ್ರಪಾಣಿ, ಕುರ್ಚಿಯಲ್ಲಿ ಹೊರಳಾಡುತ್ತ. "ನಮ್ಮ ಹುಡುಗೀರು ಇಲ್ಲಿ ಬಂದು ಏದುಸಿರು ಬಿಟ್ಟಾಗಲೇ ಅನುಮಾನ ಬಂತು."

"ಮತ್ಯಾಕ್ ಹೇಳ್ಲಿಲ್ಲ ಸಾ?" ಎಂದಳು ಸರ್ವಮಂಗಳಾ.

"ಹೇಳಿದ್ರೆ ನೀವು ಗೆದ್ದುಬಿಡ್ತಿದ್ರಲ್ಲಮ್ಮ!"

ಇದಕ್ಕೂ ನಗು. ಸರ್ವಮಂಗಳಾ ನಗಲಿಲ್ಲ. ಮಗುವನ್ನು ಮಂಚಮ್ಮನ ತೊಡೆಗೆ ಕೊಟ್ಟು ಚಂಪಕಳ ಹತ್ತಿರ ಬಂದಳು.

"ಫೈನಲ್ ಆದ ವಾರವೇ ಅಳೆದ್ಯಾ?"

ಚಂಪಕ ಚೀಲದಿಂದ ಹಳೆಯ ಡೈರಿ ತೆಗೆದು ಕೊಟ್ಟಳು. ಬಾಯಿಂದ ಆಗುವ ಕೆಲಸವಾಗಿರಲಿಲ್ಲ ಅದು. ಸರ್ವಮಂಗಳಾ ನಿಂತಲ್ಲೇ ಓದಿದಳು. "ನಾಳೆ ಹೇಳುತ್ತೇನೆ." ಹಾಳೆ ತಿರುಗಿಸಿದಳು. "ನಾಳೆ ಹೇಳುತ್ತೇನೆ. ನಾಳೆ ಹೇಳುತ್ತೇನೆ... ಒಟ್ಟು ಎಷ್ಟು ನಾಳೆ ಇವೆಯೇ?"

"ಎಂಟು."

"ಒಂಬತ್ತನೇ ದಿನ?"

"ಅವತ್ತು ಮೈಸೂರಲ್ಲಿ ಸೆಲೆಕ್ಷನ್ ಆಗಿಹೋಯ್ತು."

ಸರ್ವಮಂಗಳಾ ಡೈರಿ ಮುಚ್ಚಿದಳು. ಚಂಪಕ ಬೈಗುಳಕ್ಕೆ ಕಾದಳು. ಎಂಟು ವರ್ಷದಿಂದ ಅದನ್ನು ತಾನೇ ಬೇರೆಬೇರೆ ಥರ ಬರೆದುಕೊಂಡು ನೋಡಿದ್ದಳು. ಸರ್ವಮಂಗಳಾ ಬಯ್ಯಲಿಲ್ಲ. "ನಮ್ಮ ಕಡೆ ಎಂಟೇ ಜನ ಬಂದಿದೀವಿ. ಒಂಬತ್ತು ಬೇಕು" ಎಂದಳು.

"ನಾನು ಸ್ಕೋರ್ ಬರಿತೀನಲ್ಲ..."

"ಬರೆದಿದ್ದು ಸಾಕು. ಸೆರಗು ಸಿಕ್ಕಿಸು."

ಚಕ್ರಪಾಣಿ ನಂಜನಗೂಡಿನಿಂದ ಹೊಸ ಉಕ್ಕಿನ ಟೇಪು ತಂದಿದ್ದರು. ಜೇಬಿನಿಂದ ತೆಗೆದವರು ಫೋಟೋ ಕಡೆ ಒಮ್ಮೆ ನೋಡಿ ವಾಪಸು ಇಟ್ಟುಕೊಂಡರು. "ಇವತ್ತು ಅವರ ಅಳತೆಯಲ್ಲೇ ಆಗಲಿ. ಆದರೆ ಆ ಹೆಜ್ಜೆ ಇಡೋರು ಯಾರು?"

ಆ ತಪ್ಪು ಅಳತೆ ಊರಿನಲ್ಲಿ ಸರಿಯಾಗಿ ಗೊತ್ತಿದ್ದದ್ದು ಒಬ್ಬಳಿಗೇ. ಚಂಪಕ ಮನೆಗೆ ಓಡಿ ಗೋವಿಂದಮ್ಮನ ಟೇಪು ತಂದಳು. ಮಣ್ಣಿನ ಮೇಲೆ ಮೊಣಕಾಲೂರಿ ಒಂದೊಂದೇ ಎಣಿಸಿ ಗುರುತು ಮಾಡಿದಳು. ಹದಿನಾರಕ್ಕೆ ಬಂದಾಗ ನಂಜನಗೂಡಿನವರು "ಸಾಕು, ಸಾಕು!" ಎಂದು ಕೂಗಿದರು. ಅವಳು ತಲೆಯೆತ್ತದೆ ಇನ್ನೊಂದು ಟೇಪು ಹಾಸಿದಳು.

ಆಟ ಶುರುವಾಯಿತು. ಚಂಪಕ ಕೊನೆಯಿಂದ ಎರಡನೆಯ ಚೌಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಸೀರೆ ಮೊಣಕಾಲಿನ ಮೇಲೆ, ಕಣ್ಣು ನೆಲದ ಮೇಲೆ. ಹಿಂದಿನಿಂದ ಹೆಜ್ಜೆ ಕೇಳುತ್ತಿದ್ದವು. ಅವು ಸರ್ವಮಂಗಳಳವು ಎಂದು ನೋಡದೆಯೇ ಗೊತ್ತಾಯಿತು. ಮದುವೆಯಾಗಿ ಮಗುವಾಗಿ, ಆಟ ಬಿಟ್ಟು ಎಂಟು ವರ್ಷ ಕಳೆದಿದ್ದರೂ ಆ ಕಾಲು ಇನ್ನೂ ಮೇಷ್ಟ್ರ ಅಳತೆಯಲ್ಲೇ ಬರುತ್ತಿತ್ತು. ದಾಟಲಿಲ್ಲ. ಸರಿಯಾಗಿ ಬೆನ್ನ ಹಿಂದೆ ಬಂದು, ಎಂಟು ವರ್ಷದ್ದನ್ನೆಲ್ಲ ಒಂದೇ ಅಂಗೈಯಲ್ಲಿ ಕೂಡಿಸಿ, ಬೆನ್ನಿಗೆ ಒಂದು ಬಿಟ್ಟಳು. ಮೈದಾನದ ಆಚೆ ಮಂಚಮ್ಮನವರಿಗೂ ಆ ಸದ್ದು ಕೇಳಿಸಿತು.

"ಖೋ!"

ಬೆನ್ನು ಚುರುಗುಟ್ಟಿತು. ಚಂಪಕ ತಿರುಗಿ ನೋಡಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ. ಎದ್ದು ಓಡಿದಳು.